ಸಾಹಸ ಬಂಡವಾಳಗಾರರ ಮಾತುಕತೆ: ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು?

ಹೊಸ ಉದ್ದಿಮೆ ಕಟ್ಟಿದವರು ಮತ್ತು ಅವರಿಗೆ ಹಣ ಒದಗಿಸಿದವರು ತಮ್ಮ ವೃತ್ತಿಜೀವನದ ಬಗ್ಗೆ ಮಾತನಾಡುವ ಸಂದರ್ಶನಗಳು ಇಂದು ಒಂದು ಪ್ರತ್ಯೇಕ ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿವೆ. ಬೆಂಗಳೂರಿನ ಕೋರಮಂಗಲದಲ್ಲಿ ನಡೆದ ಮಾತುಕತೆಯನ್ನು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸಮೀಪದ ಕುಸನೂರಿನಲ್ಲಿ ಬಾಡಿಗೆ ಕೋಣೆ ಹಿಡಿದ ವಿದ್ಯಾರ್ಥಿ ಅದೇ ರಾತ್ರಿ ಮೊಬೈಲಿನಲ್ಲಿ ಕೇಳಬಹುದು. ಕೇಳಿದವನು ಸುಮ್ಮನಿರುವುದಿಲ್ಲ. "ಸರ್, ಸಿಕ್ಕ ಕೆಲಸ ಬಿಟ್ಟು ಕಂಪನಿ ಶುರು ಮಾಡಬೇಕಂತ ಮಾಡೀನ್ರಿ" ಎಂದು ಅಧ್ಯಾಪಕರ ಮುಂದೆ ನಿಲ್ಲುತ್ತಾನೆ. ಶೈಕ್ಷಣಿಕ ಸಾಲದ ಕಂತು, ಊರಿನಲ್ಲಿ ಮಳೆಯನ್ನೇ ನಂಬಿದ ತೊಗರಿ ಹೊಲ, ಮದುವೆಗೆ ಬಂದ ತಂಗಿ – ಇಷ್ಟೆಲ್ಲ ಆ ಪ್ರಶ್ನೆಯ ಹಿಂದೆ ಇರುತ್ತದೆ. ಹಾಗಾಗಿ ಈ ಸಂದರ್ಶನಗಳನ್ನು ಬರಿಯ ಮನರಂಜನೆ ಎಂದು ತಳ್ಳಿಹಾಕುವಂತಿಲ್ಲ. ಅವು ಪಠ್ಯಪುಸ್ತಕದ ಕೆಲಸ ಮಾಡುತ್ತಿವೆ. ಪಠ್ಯವನ್ನು ಪರೀಕ್ಷಿಸುವಂತೆಯೇ ಅವುಗಳನ್ನೂ ಪರೀಕ್ಷಿಸಬೇಕು.

ಮೊದಲು ಸಾಹಸ ಬಂಡವಾಳ ಎಂದರೇನೆಂದು ನೋಡೋಣ. ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೊಲವನ್ನು ಲಾವಣಿಗೆ ಕೊಟ್ಟರೆ ಬೆಳೆ ಬರಲಿ ಬಿಡಲಿ, ಗೊತ್ತುಪಡಿಸಿದ ಹಣ ಧಣಿಗೆ ಸಲ್ಲಬೇಕು. ಬ್ಯಾಂಕಿನ ಸಾಲ ಈ ಬಗೆಯದು. ಪಾಲಿಗೆ ಕೊಟ್ಟರೆ ಬಂದದ್ದರಲ್ಲಿ ಪಾಲು. ಬರದಿದ್ದರೆ ಇಬ್ಬರಿಗೂ ಇಲ್ಲ. ಸಾಹಸ ಬಂಡವಾಳ ಪಾಲಿನ ಜಾತಿಗೆ ಸೇರಿದ್ದು. ಇದಕ್ಕೆ ಆಧುನಿಕ ರೂಪ ಕೊಟ್ಟವರಲ್ಲಿ ಪ್ರಮುಖರಾದ ಜಾರ್ಜ್ ಡೋರಿಯೊ ಒಬ್ಬ ಮೇಷ್ಟ್ರು, ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕ. 1946ರಲ್ಲಿ ಸ್ಥಾಪನೆಯಾದ ಅವರ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಹಾಕಿತು. 1968ರ ಹೊತ್ತಿಗೆ ಆ ಪಾಲಿನ ಬೆಲೆ ನೂರಾರು ಪಟ್ಟು ಬೆಳೆದಿತ್ತು. ಭಾರತದಲ್ಲಿ ಈ ಪದ್ಧತಿಯ ಮೊದಲ ಸಂಸ್ಥೆಗಳಲ್ಲೊಂದಾದ ಟಿಡಿಐಸಿಐ, ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್‌ಗಳ ಸಹಯೋಗದಲ್ಲಿ 1988ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು ಎಂಬುದು ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಈ ಪ್ರಕಾರದಲ್ಲಿ ಬಹಳ ಓದಿಸಿಕೊಂಡವುಗಳಲ್ಲಿ ಒಂದು ಜೆಸಿಕಾ ಲಿವಿಂಗ್‌ಸ್ಟನ್ ಅವರ 'ಫೌಂಡರ್ಸ್ ಅಟ್ ವರ್ಕ್' (2007). ಇದು ಒಳ್ಳೆಯ ಪುಸ್ತಕವೆಂದು ಹಿಂಜರಿಯದೆ ಹೇಳಬಹುದು. ಕಾರಣ, ಸಂದರ್ಶಕಿ ಗೆಲುವಿನ ಗುಟ್ಟನ್ನು ಕೇಳುವುದಿಲ್ಲ. ಏನೂ ಗೊತ್ತಿಲ್ಲದಿದ್ದ ಮೊದಲ ತಿಂಗಳುಗಳಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. ಆಪಲ್‌ನ ಸ್ಟೀವ್ ವೊಜ್ನಿಯಾಕ್ ಅಲ್ಲಿ ಮಾತನಾಡುವುದು ಹೆಚ್ಚಾಗಿ ಬಿಡಿಭಾಗಗಳ ಬಗ್ಗೆ, ಅದೇ ಯಂತ್ರವನ್ನು ಇನ್ನೂ ಕಡಿಮೆ ಚಿಪ್‌ಗಳಲ್ಲಿ ಕಟ್ಟುವ ಹಟದ ಬಗ್ಗೆ. ಇಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗೆ ಆ ಅಧ್ಯಾಯವೊಂದೇ ಸಾಕು.

ಅದೇ ಪುಸ್ತಕದಲ್ಲಿ ಹಾಟ್‌ಮೇಲ್‌ನ ಸಬೀರ್ ಭಾಟಿಯಾ ಇದ್ದಾರೆ. ಬೆಂಗಳೂರಿನಲ್ಲಿ ಶಾಲೆ ಕಲಿತವರು. ಅವರ ಕಂಪನಿಗೆ ಹೂಡಿಕೆದಾರರು ಕೊಟ್ಟದ್ದು 3 ಲಕ್ಷ ಡಾಲರ್, ಪಡೆದದ್ದು ಶೇಕಡ 15 ಪಾಲು. ಇದನ್ನು ತರಗತಿಯಲ್ಲಿ ಲೆಕ್ಕವಾಗಿ ಕೊಡಿ. 3 ಲಕ್ಷ ಶೇಕಡ 15 ಆದರೆ ಇಡೀ ಕಂಪನಿಯ ಬೆಲೆ 20 ಲಕ್ಷ ಡಾಲರ್. 1996ರ ಜುಲೈ 4ರಂದು ಸೇವೆ ಆರಂಭವಾಯಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಇನ್ನೂರು ಪಟ್ಟು! ಕೇಳಿದವರ ಎದೆ ಹಾರದೇ ಇದ್ದೀತೆ?

ನಮ್ಮ ದೇಶದ ಪುಸ್ತಕವೆಂದರೆ ರಶ್ಮಿ ಬನ್ಸಲ್ ಅವರ 'ಸ್ಟೇ ಹಂಗ್ರಿ ಸ್ಟೇ ಫೂಲಿಷ್' (2008). ಉದ್ದಿಮೆಗಿಳಿದ ಇಪ್ಪತ್ತೈದು ಜನರ ಕಥೆ. ಭಾಷೆ ಸರಾಗ, ಹುರುಪು ಸಾಕಷ್ಟಿದೆ. ಆದರೆ ಆ ಇಪ್ಪತ್ತೈದೂ ಜನ ಅಹಮದಾಬಾದಿನ ಐಐಎಂನಲ್ಲಿ ಕಲಿತವರು. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ಮುಖಪುಟದಲ್ಲೇ ಹೇಳುತ್ತದೆ. ಓದುವವರು ಮಾತ್ರ ಮರೆಯುತ್ತಾರೆ. ಸೋತರೆ ಮರುದಿನವೇ ನೌಕರಿ ಹಿಡಿಯಬಲ್ಲವನ ಧೈರ್ಯಕ್ಕೂ ಸೋತರೆ ಊರಿಗೆ ಮುಖ ತೋರಿಸಲಾರದವನ ಧೈರ್ಯಕ್ಕೂ ಹೆಸರು ಒಂದೇ ಇರಬಹುದು, ವಸ್ತು ಬೇರೆ. ನೀರಾವರಿ ಹೊಲದ ಇಳುವರಿಯನ್ನು ಅಳೆದು ಒಣಬೇಸಾಯದವನಿಗೆ ಉಪದೇಶ ಮಾಡಿದರೆ ಕೃಷಿ ವಿಜ್ಞಾನಿಗಳು ಒಪ್ಪುತ್ತಾರೆಯೆ?

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಹೂಡಿಕೆದಾರರು ಪ್ರತಿ ಸಂದರ್ಶನದಲ್ಲೂ "ಅಪಾಯಕ್ಕೆ ಅಂಜಬೇಡಿ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸತ್ಯ. ಒಂದು ಉದ್ದಿಮೆ ದೊಡ್ಡದಾಗಿ ಗೆಲ್ಲುವ ಸಂಭವನೀಯತೆ 0.1 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಹೂಡಿಕೆದಾರ ಹತ್ತು ಉದ್ದಿಮೆಗಳಿಗೆ ಹಣ ಹಾಕುತ್ತಾನೆ. ಹತ್ತೂ ಸೋಲುವ ಸಂಭವನೀಯತೆ 0.9ರ ಹತ್ತನೆಯ ಘಾತ, ಅಂದರೆ ಸುಮಾರು 0.35. ಆದ್ದರಿಂದ ಒಂದಾದರೂ ಗೆಲ್ಲುವ ಸಂಭವನೀಯತೆ 0.65. ಮೂವತ್ತು ಉದ್ದಿಮೆಗಳಿಗೆ ಹಾಕಿದರೆ ಇದು 0.96ಕ್ಕೆ ಏರುತ್ತದೆ. ಗೆದ್ದ ಒಂದೇ ಒಂದು ಐವತ್ತು ಪಟ್ಟು ಮರಳಿಸಿದರೆ ಉಳಿದ ಇಪ್ಪತ್ತೊಂಬತ್ತರ ನಷ್ಟ ಕಳೆದೂ ಲಾಭವೇ. ಆದರೆ ಉದ್ದಿಮೆ ಕಟ್ಟುವವನಿಗೆ ಇರುವುದು ಒಂದೇ ಹೊಲ. ಅವನ ಸಂಭವನೀಯತೆ 0.1 ಆಗಿಯೇ ಉಳಿಯುತ್ತದೆ. ಹತ್ತು ಹೊಲದ ಧಣಿ ಮತ್ತು ಒಂದು ಹೊಲದ ರೈತ ಒಂದೇ ಮೋಡವನ್ನು ನೋಡುತ್ತಾರೆ ನಿಜ, ಒಂದೇ ಹೊಟ್ಟೆಯಿಂದ ನೋಡುವುದಿಲ್ಲ.

ಚುರುಕು ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಘಾತದ ಈ ಲೆಕ್ಕ ಸರಿಯಾಗಬೇಕಾದರೆ ಉದ್ದಿಮೆಗಳ ಸೋಲುಗೆಲುವು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿರಬೇಕಲ್ಲವೆ? ಹೌದು. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಹಲವು ಹೊಲಗಳು ಒಟ್ಟಿಗೆ ಒಣಗುವುದುಂಟು. ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ. 2000ದಲ್ಲಿ ಅಮೆರಿಕದ ಇಂಟರ್ನೆಟ್ ಷೇರುಗಳು ಕುಸಿದಾಗ ಆದದ್ದೂ ಹೀಗೆಯೇ. ಆದರೆ ಈ ತಿದ್ದುಪಡಿಯಿಂದ ಧಣಿಯ ಲಾಭ ಕಡಿಮೆಯಾದೀತೇ ಹೊರತು ಒಂದು ಹೊಲದವನಿಗೆ ನೆಮ್ಮದಿ ಹೆಚ್ಚುವುದಿಲ್ಲ.

ಧಣಿ ಎಂದೆ. ಆ ಹಣವೂ ಬಹುಪಾಲು ಅವರದಲ್ಲ. ಪಿಂಚಣಿ ನಿಧಿಗಳದ್ದು, ದತ್ತಿಗಳದ್ದು, ಸಿರಿವಂತರದ್ದು. ನಿರ್ವಹಣೆಗೆಂದು ವರ್ಷಕ್ಕೆ ಸುಮಾರು ಶೇಕಡ 2, ಲಾಭದಲ್ಲಿ ಶೇಕಡ 20 ತೆಗೆದುಕೊಳ್ಳುವುದು ಈ ವೃತ್ತಿಯ ರೂಢಿ. 500 ಕೋಟಿ ರೂಪಾಯಿಯ ನಿಧಿಯಾದರೆ, ಒಂದು ಉದ್ದಿಮೆಯೂ ಗೆಲ್ಲದಿದ್ದರೂ ವರ್ಷಕ್ಕೆ 10 ಕೋಟಿ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಕೂಲಿ ಬೇಕು. ಆದರೆ ವೃತ್ತಿಜೀವನದ ಸಂದರ್ಶನ ಎಂದ ಮೇಲೆ ಸಂಬಳದ ಪ್ರಶ್ನೆಯನ್ನು ಒಬ್ಬ ಸಂದರ್ಶಕನೂ ಬಾಯಿಬಿಟ್ಟು ಕೇಳದಿರುವುದು ವಿಚಿತ್ರ. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆಯೇ ಅದು!

ಒಪ್ಪಂದದ ಷರತ್ತುಗಳ ಬಗ್ಗೆಯೂ ಇದೇ ಮೌನ. ಪಾಲಿನ ಬೇಸಾಯದಲ್ಲಿ ಬೀಜಗೊಬ್ಬರದ ಖರ್ಚನ್ನು ರಾಶಿಯಿಂದ ಮೊದಲು ತೆಗೆದು ಆಮೇಲೆ ಹಂಚುವ ಕರಾರು ಇರುವುದುಂಟು. ಸಾಹಸ ಬಂಡವಾಳದಲ್ಲೂ ಅಂಥ ಆದ್ಯತೆಯ ಕರಾರು ಸಾಮಾನ್ಯ. ಒಂದು ಉದ್ದಿಮೆಗೆ ಹೂಡಿಕೆದಾರರು 40 ಕೋಟಿ ಹಾಕಿ ಶೇಕಡ 40 ಪಾಲು ಪಡೆದಿದ್ದಾರೆ ಎನ್ನಿ. ಕಂಪನಿ 50 ಕೋಟಿಗೆ ಮಾರಾಟವಾಯಿತು. ಪಾಲಿನ ಪ್ರಕಾರ ಅವರಿಗೆ 20 ಕೋಟಿ ಬರಬೇಕು. ಆದ್ಯತೆಯ ಪ್ರಕಾರ ಮೊದಲು ಹಾಕಿದ 40 ಕೋಟಿಯನ್ನೂ ಹಿಂಪಡೆಯಬಹುದು. ಸ್ಥಾಪಕರಿಗೂ ಷೇರು ಹೊಂದಿದ ನೌಕರರಿಗೂ ಉಳಿಯುವುದು 10 ಕೋಟಿ. 30 ಕೋಟಿಗೆ ಮಾರಾಟವಾದರೆ ಅವರಿಗೆ ಸೊನ್ನೆ. ಪತ್ರಿಕೆಗಳಲ್ಲಿ ಮಾತ್ರ "30 ಕೋಟಿಗೆ ಮಾರಾಟ" ಎಂದು ದಪ್ಪಕ್ಷರದ ಸುದ್ದಿ. ಪಾಲು ತೆಳುವಾಗುವ ಲೆಕ್ಕವೂ ಬಲು ಸರಳ: ಮೊದಲ ಸುತ್ತಿನಲ್ಲಿ ಶೇಕಡ 15, ಮುಂದಿನ ಎರಡು ಸುತ್ತುಗಳಲ್ಲಿ ತಲಾ 20, ನೌಕರರಿಗೆ 10 ಬಿಟ್ಟುಕೊಟ್ಟರೆ ಸ್ಥಾಪಕರಲ್ಲಿ ಉಳಿಯುವುದು 0.85 × 0.8 × 0.8 × 0.9, ಅಂದರೆ ಶೇಕಡ 49ಕ್ಕೆ ತುಸು ಕಡಿಮೆ. ಅದನ್ನು ಇಬ್ಬರು ಮೂವರು ಹಂಚಿಕೊಳ್ಳಬೇಕು. ಹತ್ತನೆಯ ತರಗತಿಯ ಗಣಿತ ಬಲ್ಲವರಿಗೆ ಅರ್ಥವಾಗುವ ಈ ಸಂಗತಿ ತಾಸುಗಟ್ಟಲೆಯ ಮಾತುಕತೆಗಳಲ್ಲಿ ಎರಡು ನಿಮಿಷವನ್ನೂ ಪಡೆಯುವುದಿಲ್ಲ.

ನನ್ನಂಥ ವಿಜ್ಞಾನದ ಓದುಗರಿಗೆ ಇನ್ನೂ ಹೆಚ್ಚು ಬೇಸರ ತರಿಸುವುದು ವಿಜ್ಞಾನದ ಗೈರುಹಾಜರಿ. ಬಯೋಕಾನ್ ಕಥೆಯನ್ನೇ ತೆಗೆದುಕೊಳ್ಳಿ. 1978, ಬೆಂಗಳೂರು, 10,000 ರೂಪಾಯಿ, ಬಾಡಿಗೆ ಮನೆಯ ಗ್ಯಾರೇಜು, ಹೆಣ್ಣುಮಗಳೆಂದು ಸಾಲ ಕೊಡಲು ಹಿಂಜರಿದ ಬ್ಯಾಂಕುಗಳು – ಕಿರಣ್ ಮಜುಮ್‌ದಾರ್ ಷಾ ಅವರ ಜೀವನದ ಈ ವಿವರಗಳು ಎಲ್ಲರಿಗೂ ಬಾಯಿಪಾಠ. ಆದರೆ ಆ ಉದ್ದಿಮೆಗೆ ಸಾಹಸ ಬಂಡವಾಳ ಬಂದದ್ದು ಏತಕ್ಕೆ? ಐಸಿಐಸಿಐಯ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ದೊರೆತ ಎರಡೂವರೆ ಲಕ್ಷ ಡಾಲರ್ ಸಂಶೋಧನೆಗೂ ಘನ ಮಾಧ್ಯಮದ ಹುದುಗುವಿಕೆಯ ಹೊಸ ಘಟಕಕ್ಕೂ ನೆರವಾಯಿತು. ದ್ರವ ತುಂಬಿದ ದೊಡ್ಡ ತೊಟ್ಟಿಗಳ ಬದಲು, ತೇವಗೊಳಿಸಿದ ಗೋಧಿ ತೌಡಿನಂಥ ಘನ ಪದಾರ್ಥದ ಮೇಲೆ ಬೂಷ್ಟನ್ನು ಬೆಳೆಸಿ ಕಿಣ್ವ ತೆಗೆಯುವ ವಿಧಾನ ಇದು. ಬೂಷ್ಟು ಬೆಳೆದಂತೆ ಶಾಖ ಹುಟ್ಟುತ್ತದೆ; ತೌಡು ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ; ಒಳಪದರ ಬಿಸಿಯಾಗಿ ಜೀವಿ ಸಾಯಬಹುದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಆದದ್ದು ಕಾರ್ಖಾನೆಯಲ್ಲಿ ಆಗದಿರುವುದಕ್ಕೆ ಇದೇ ಕಾರಣ. ಇದನ್ನು ಬಿಡಿಸಿದ್ದು ವರ್ಷಗಳ ದುಡಿಮೆ. 1975ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ತರಬೇತಿ ಮುಗಿಸಿದವರಿಗೆ ಹುದುಗುವಿಕೆ ಕೈಗೆ ಹತ್ತಿದ ವಿದ್ಯೆಯಾಗಿತ್ತು ಎಂಬುದನ್ನು ಹೇಳದೆ ಗ್ಯಾರೇಜನ್ನಷ್ಟೇ ಹೇಳಿದರೆ, ಗ್ಯಾರೇಜಿನಲ್ಲಿ ಏನೋ ಮಹಿಮೆಯಿದೆ ಎಂದು ಹುಡುಗರು ನಂಬುತ್ತಾರೆ.

ಸೋಲಿನ ಕಥೆಗಳೂ ಇವೆಯಲ್ಲ ಎನ್ನಬಹುದು. ಇವೆ, ಆದರೆ ಅವನ್ನು ಹೇಳುವವರು ಗೆದ್ದವರೇ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅವರು ತಮ್ಮ ಮೊದಲ ಉದ್ದಿಮೆ ಕೋರಲ್ ನೆಟ್‌ವರ್ಕ್ಸ್‌ನಿಂದ ಹೊರಬಂದದ್ದನ್ನು ಮರೆಮಾಚದೆ ಹೇಳುತ್ತಾರೆ. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಆದರೂ ನಾವು ಅದನ್ನು ಕೇಳುವುದು ಮುಂದಿನ ಕ್ಯಾಸ್ಕೇಡ್, ಸೈಕಮೋರ್ ಕಂಪನಿಗಳು ಗೆದ್ದದ್ದರಿಂದ. 1999ರಲ್ಲಿ ಷೇರುಪೇಟೆಯನ್ನು ನಡುಗಿಸಿದ ಸೈಕಮೋರ್ ಕೂಡ 2013ರಲ್ಲಿ ವಿಸರ್ಜನೆಯ ದಾರಿ ಹಿಡಿಯಿತು. ಅಮೆರಿಕದ ಬೆಸೆಮರ್ ಎಂಬ ಹೂಡಿಕೆ ಸಂಸ್ಥೆ ತಾನು ಕೈಬಿಟ್ಟ ಆಪಲ್, ಇಂಟೆಲ್, ಗೂಗಲ್ ಮೊದಲಾದ ಕಂಪನಿಗಳ ಪಟ್ಟಿಯನ್ನು ತಾನೇ ಪ್ರಕಟಿಸಿ ನಗುತ್ತದೆ. ಈ ವಿನಯಕ್ಕೆ ಬಹಳ ಪ್ರಶಂಸೆ ಸಿಕ್ಕಿದೆ. ಸ್ವಲ್ಪ ಗಮನಿಸಿ: ಅದು ಕೈತಪ್ಪಿದ ಗೆಲುವುಗಳ ಪಟ್ಟಿ. ಹಣ ಹಾಕಿ ಮುಳುಗಿದವುಗಳ ಪಟ್ಟಿಯಲ್ಲ. ಅಲ್ಲಿ ಕೆಲಸ ಮಾಡಿದವರು ಎಲ್ಲಿ ಹೋದರೆಂದು ಅದು ಹೇಳುವುದಿಲ್ಲ.

ನಮ್ಮಲ್ಲಿ ಕೇಳಬೇಕಾದ ಅಂಥ ಕಥೆಯೊಂದಿದೆ, ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ, ಕನ್ನಡದಲ್ಲೂ ಮಾತನಾಡಬಲ್ಲ ಅಗ್ಗದ ಅಂಗೈ ಕಂಪ್ಯೂಟರ್. 2001ರ ಹೊತ್ತಿಗೆ ಜಗತ್ತೇ ಅದರ ಬಗ್ಗೆ ಬರೆಯಿತು. 2004ರಲ್ಲಿ ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ, ಮೊಬೈಲ್ ಅಗ್ಗವಾಗುತ್ತ ಹೋಯಿತು. ಅದೇ ಪ್ರಾಧ್ಯಾಪಕರಲ್ಲಿ ನಾಲ್ವರು – ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ – 2000ದಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಜೀನೋಮಿಕ್ಸ್ ಬಾಳಿತು. 2021ರಲ್ಲಿ ರಿಲಯನ್ಸ್ ಸಮೂಹ ಅದನ್ನು ಕೊಂಡಿತು. ಅದೇ ಮಿದುಳುಗಳು, ಅದೇ ಊರು, ಅದೇ ಕಾಲ. ಒಂದು ನಿಂತಿತು, ಒಂದು ನಿಲ್ಲಲಿಲ್ಲ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು? ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರಶ್ನಿಸುವ ಒಂದು ದೀರ್ಘ ಕನ್ನಡ ಸಂದರ್ಶನ ಬಂದರೆ ಹತ್ತು ಸ್ಫೂರ್ತಿ ಭಾಷಣಗಳಿಗಿಂತ ಮೇಲು.

ಸಂದರ್ಶನದ ತಾರೀಖನ್ನು ನೋಡುವುದೂ ಅಗತ್ಯ. ಬೈಜೂಸ್ ಕಂಪನಿಯ ಮೌಲ್ಯವನ್ನು 2022ರಲ್ಲಿ 2,200 ಕೋಟಿ ಡಾಲರ್ ಎಂದು ಹೇಳಲಾಯಿತು. 2024ರ ಜುಲೈನಲ್ಲಿ ಅದು ಬೆಂಗಳೂರಿನ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅದನ್ನು ಹೊಗಳಿದ ಹಳೆಯ ಮಾತುಕತೆಗಳು ಇಂದಿಗೂ ಹಾಗೆಯೇ ಕೇಳಸಿಗುತ್ತವೆ. ಮೌಲ್ಯ ಎಂಬುದೇನು? ಕೊನೆಯ ಸುತ್ತಿನಲ್ಲಿ ಮಾರಿದ ಕೆಲವು ಷೇರುಗಳ ದರವನ್ನು ಇರುವ ಎಲ್ಲ ಷೇರುಗಳಿಗೂ ಗುಣಿಸಿದ ಸಂಖ್ಯೆ. ಕಲಬುರಗಿಯ ಗಂಜಿನಲ್ಲಿ ಒಂದು ಚೀಲ ಉತ್ತಮ ತೊಗರಿಗೆ ಸಿಕ್ಕ ದರವನ್ನು ಇನ್ನೂ ಹೊಲದಲ್ಲೇ ನಿಂತ ಬೆಳೆಗೆಲ್ಲ ಗುಣಿಸಿ ಯಾರೂ ಮನೆ ಕಟ್ಟಲು ಹೊರಡುವುದಿಲ್ಲ.

ಗಂಜಿನ ಮಾತು ಬಂತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇಲ್ಲಿನ ಬೇಳೆ ಗಿರಣಿಗಳನ್ನು ಕಟ್ಟಿದವರು, ನಡೆಸಿದವರು, ಮುಚ್ಚಿದವರು ನಮ್ಮ ನಡುವೆಯೇ ಇದ್ದಾರೆ. ಅವರ ವೃತ್ತಿಜೀವನದ ಸಂದರ್ಶನಗಳು ನನ್ನ ಕಣ್ಣಿಗೆ ಬಿದ್ದಿಲ್ಲ. ಕುಸನೂರಿನ ಕೋಣೆಯಿಂದ ಆಟೋ ಹಿಡಿದರೆ ಗಿರಣಿಗಳಿರುವ ಕೈಗಾರಿಕಾ ಪ್ರದೇಶ ದೂರವಲ್ಲ. ಮೊದಲ ಯಂತ್ರಕ್ಕೆ ಹಣ ಯಾರು ಕೊಟ್ಟರು, ಸಾಲವಾಗಿಯೊ ಪಾಲಾಗಿಯೊ. ಕಾಳಿಗೆ ಎಣ್ಣೆನೀರು ಹಚ್ಚಿ ದಿನಗಟ್ಟಲೆ ಬಿಸಿಲಿಗೆ ಒಣಹಾಕುವ ಹಳೆಯ ರೀತಿಯನ್ನು ಬಿಟ್ಟು ಮೈಸೂರಿನ ಸಿಎಫ್‌ಟಿಆರ್‌ಐ ರೂಪಿಸಿದ ಬಿಸಿಗಾಳಿಯ ವಿಧಾನಕ್ಕೆ ಬಂದರೆ, ಬರಲಿಲ್ಲವೆ. ಒಂದು ಕ್ವಿಂಟಲಿಗೆ ಎಷ್ಟು ಬೇಳೆ, ಎಷ್ಟು ನುಚ್ಚು. ಬೆಲೆ ಕುಸಿದ ವರ್ಷ ಹಮಾಲರ ಕೂಲಿಯನ್ನು ಎಲ್ಲಿಂದ ತಂದರು – ಯೋಜನಾ ವರದಿಗೆ ವಿಷಯ ಸಿಗುತ್ತಿಲ್ಲ ಎನ್ನುವ ವಿದ್ಯಾರ್ಥಿಗಳು ಒಂದು ಪುಸ್ತಕ ಮತ್ತು ಧ್ವನಿಮುದ್ರಣದ ಮೊಬೈಲ್ ಹಿಡಿದು ಹೋಗಬಹುದು. ಗಿರಣಿ ಮುಚ್ಚಿದವರ ಬಳಿಗೇ ಮೊದಲು ಹೋಗಲಿ. ಅವರಿಗೆ ಮಾತನಾಡಲು ಬಿಡುವೂ ಇರುತ್ತದೆ.