‘ಟೇಸ್ಟ್’ ಮತ್ತು ‘ಅಭಿರುಚಿ’: ಒಂದು ಶಬ್ದವಿಮರ್ಶೆ

ಇಂಗ್ಲಿಷಿನ ‘ಟೇಸ್ಟ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಪ್ರತಿಪದಗಳು ರೂಢಿಗೆ ಬಂದಿವೆ. ನಾಲಗೆಯ ವಿಷಯವಾದರೆ ‘ರುಚಿ’. ಕಾವ್ಯ, ಚಿತ್ರ, ಸಂಗೀತಾದಿಗಳ ವಿಷಯವಾದರೆ ‘ಅಭಿರುಚಿ’. ನಿಘಂಟುಗಳಿಗೆ ಇಷ್ಟರಿಂದಲೇ ತೃಪ್ತಿಯಾಗಿದೆ. ಆದರೆ ಪ್ರತಿಪದವೊಂದು ದೊರೆತ ಮಾತ್ರದಿಂದ ಮೂಲಶಬ್ದವು ಮಾಡುತ್ತಿದ್ದ ಕೆಲಸವೆಲ್ಲವೂ ಈ ಭಾಷೆಗೆ ಸಂದಿತೆಂದು ತಿಳಿಯಲಾಗದು. ಒಂದು ಕಾವ್ಯದ ಗುಣದೋಷಗಳನ್ನು ಕುರಿತು ಇಬ್ಬರಿಗೆ ವಾದವುಂಟಾದಾಗ, ಅವರಲ್ಲೊಬ್ಬರು ‘ಇದು ಅಭಿರುಚಿಭೇದ’ ಎಂದರೆ ಸಾಕು, ವಾದವು ಅಲ್ಲಿಗೇ ನಿಂತುಹೋಗುತ್ತದೆ. ಇಂಗ್ಲಿಷಿನಲ್ಲಿಯಾದರೋ ಆ ಶಬ್ದವನ್ನು ವಿಮರ್ಶೆಯೊಳಕ್ಕೆ ತಂದವರು ಅದರಿಂದ ವಾದವನ್ನು ನಡೆಯಿಸಬೇಕೆಂದೇ ತಂದರು. ಈ ವ್ಯತ್ಯಾಸವು ಹೇಗೆ ಉಂಟಾಯಿತೆಂಬುದು ವಿಚಾರಾರ್ಹವಾದುದು.

‘ಟೇಸ್ಟ್’ ಎಂಬುದು ಹುಟ್ಟಿನಿಂದ ನಾಲಗೆಯ ಶಬ್ದವಲ್ಲ. ಅದು ಪ್ರಾಚೀನ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ಮುಟ್ಟುವುದು, ತಡವಿ ನೋಡುವುದು ಎಂದು ಅರ್ಥ. ಜರ್ಮನ್ ಭಾಷೆಯ ‘ಟಾಸ್ಟೆನ್’ ಎಂಬ ಕ್ರಿಯಾಪದವು ಇಂದಿಗೂ ಕೈಯಿಂದ ತಡವುವುದನ್ನೇ ಹೇಳುತ್ತದೆ. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ‘ಕ್ಯಾಂಟರ್ಬರಿ ಕಥೆಗಳ’ಲ್ಲಿ, ಎರಡನೆಯ ಸನ್ಯಾಸಿನಿಯು ಹೇಳುವ ಕಥೆಯೊಳಗೆ, ಸಂತ ಸಿಸಿಲಿಯಾ ನ್ಯಾಯಾಧಿಪತಿಯನ್ನು ಕುರಿತು, ನೀನು ದೇವರೆನ್ನುವುದು ಬರಿಯ ಕಲ್ಲು, ಕಣ್ಣಿಗೆ ಕಾಣದಿದ್ದರೆ ಕೈಯಿಂದ ಮುಟ್ಟಿ ತಿಳಿದುಕೋ ಎನ್ನುತ್ತಾಳೆ. ಮುಟ್ಟುವುದೆಂಬ ಈ ಅರ್ಥಕ್ಕೆ ಕವಿಯು ಬಳಸಿರುವ ಕ್ರಿಯಾಪದ ‘ಟೇಸ್ಟ್’. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿಯು ವೇಷ ಮರೆಸಿಕೊಂಡಿರುವ ವಯೋಲಳಿಗೆ, ಕಾಲುಗಳನ್ನು ‘ಟೇಸ್ಟ್’ ಮಾಡಿ ನಡೆಯಿರಿ ಎಂದು ಹೇಳುತ್ತಾನೆ. ಅಲ್ಲಿ ವಿನೋದವೇ ಮುಖ್ಯವಾದರೂ ಶಬ್ದದ ಅರ್ಥ ಪರೀಕ್ಷಿಸಿ ನೋಡುವುದೆಂಬುದೇ. ಬಾಯಿಯ ಅರ್ಥವು ಮೊದಲಿನಿಂದಲೂ ಇದರ ಜೊತೆಯಲ್ಲಿದ್ದು, ಕಾಲಕ್ರಮದಲ್ಲಿ ಕೈಯ ಅರ್ಥವನ್ನು ಹೊರದೂಡಿತು. ಕೈ ಹೋಯಿತು, ಪರೀಕ್ಷೆ ಉಳಿಯಿತು.

ನಿತ್ಯವ್ಯವಹಾರದ ಇಂಗ್ಲಿಷಿನಲ್ಲಿ ಇದರ ಗುರುತುಗಳು ಈಗಲೂ ಕಾಣುತ್ತವೆ. ಅತ್ಯಂತ ಸ್ಪಷ್ಟವಾದುದು ವ್ಯಾಕರಣಕ್ಕೆ ಸೇರಿದ್ದು. ಒಬ್ಬನಿಗೆ ಚೀನದ ಚಹದಲ್ಲಿ ಪ್ರೀತಿಯಿದೆಯೆಂದು ಹೇಳುವಾಗ ಆ ನಾಮಪದದ ಹಿಂದೆ ‘ಎ’ ಎಂಬ ಉಪಪದವು ಬರುತ್ತದೆ. ಆತನು ಗುಣವರಿತವನೆಂದು ಹೇಳುವಾಗ ಉಪಪದವಿಲ್ಲದೆ ಶಬ್ದವು ಒಂಟಿಯಾಗಿ ನಿಲ್ಲುತ್ತದೆ. ಮೊದಲನೆಯದು ಒಲವು, ಎರಡನೆಯದು ವಿವೇಕ. ಒಂದಕ್ಷರದ ಉಪಪದವು ಮಾಡುವ ಈ ವಿಂಗಡಣೆಗೆ ಕನ್ನಡದಲ್ಲಿ ಸಾಧನವಿಲ್ಲ. ‘ಆತನಿಗೆ ಸಂಗೀತದಲ್ಲಿ ಅಭಿರುಚಿಯುಂಟು’ ಎಂದರೆ ಆತನಿಗೆ ಸಂಗೀತದಲ್ಲಿ ಆಸಕ್ತಿಯುಂಟೆಂದು ಮಾತ್ರ ತಿಳಿಯುತ್ತದೆ. ಒಳ್ಳೆಯ ಸಂಗೀತವನ್ನು ಆತನು ಗುರುತಿಸಬಲ್ಲನೇ ಎಂಬುದು ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ‘ಸದಭಿರುಚಿ’ ಎಂಬ ಪದವನ್ನು ಬಳಸಬೇಕಾಯಿತು. ಆದರೆ ‘ಸತ್’ ಎಂಬುದು ಸೇರಿದೊಡನೆ ಶಬ್ದಕ್ಕೆ ನೀತಿಬೋಧೆಯ ವಾಸನೆ ಬಂದಿತು. ಸದಭಿರುಚಿಯ ಚಲಚ್ಚಿತ್ರವೆಂದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವೆಂದು ಜನರು ತಿಳಿಯುತ್ತಾರೆ. ಅದರ ಕಲೆಯ ವಿಷಯವಾಗಿ ಆ ಮಾತು ಏನನ್ನೂ ಹೇಳದು.

‘ಟೇಸ್ಟಿ’, ‘ಟೇಸ್ಟ್‌ಫುಲ್’ ಎಂಬ ಎರಡು ವಿಶೇಷಣಗಳೂ ಇಂಗ್ಲಿಷಿನವರಲ್ಲಿ ಬೇರೆಬೇರೆಯಾಗಿ ನಡೆಯುತ್ತವೆ. ಮೊದಲನೆಯದು ಭಕ್ಷ್ಯಕ್ಕೆ, ಎರಡನೆಯದು ಉಡಿಗೆತೊಡಿಗೆ ಮನೆಯಲಂಕಾರಗಳಿಗೆ. ಇದರ ನಿಷೇಧರೂಪವಾದ ‘ಟೇಸ್ಟ್‌ಲೆಸ್’ ಮಾತ್ರ ಎರಡು ಕಡೆಗೂ ಸಲ್ಲುತ್ತದೆ: ಸಪ್ಪೆಯಾದ ಸಾರೂ ಹಾಗೆಯೇ, ಅಸಭ್ಯವಾದ ವಿನೋದವೂ ಹಾಗೆಯೇ. ಇಲ್ಲಿ ಗಮನಿಸತಕ್ಕುದೇನೆಂದರೆ, ಇಂತಹ ವಿನೋದವನ್ನು ಕೇಳಿ ಒಬ್ಬನು ಬಿದ್ದು ಬಿದ್ದು ನಕ್ಕು, ಅನಂತರ ಅದನ್ನು ‘ಬ್ಯಾಡ್ ಟೇಸ್ಟ್’ ಎಂದು ಖಂಡಿಸಬಹುದು. ಆ ಎರಡಕ್ಕೂ ವಿರೋಧವಿಲ್ಲ. ರುಚಿಸಿತು, ಆದರೆ ಒಳ್ಳೆಯದಲ್ಲ ಎಂದು ಹೇಳುವ ಅವಕಾಶವನ್ನು ಆ ಭಾಷೆಯು ಆ ಶಬ್ದದಲ್ಲಿಯೇ ಇಟ್ಟುಕೊಂಡಿದೆ.

ಈ ಅವಕಾಶವನ್ನು ವಿಮರ್ಶೆಗೆ ತಂದವರು ಹದಿನೆಂಟನೆಯ ಶತಮಾನದವರು. ಅಡಿಸನ್ ೧೭೧೨ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯ ೪೦೯ನೆಯ ಸಂಚಿಕೆಯಲ್ಲಿ ಒಬ್ಬ ಚಹಪರೀಕ್ಷಕನ ಸಂಗತಿಯನ್ನು ಹೇಳಿದ್ದಾನೆ. ಹತ್ತು ಬಗೆಯ ಚಹಗಳಲ್ಲಿ ಯಾವುದನ್ನು ಕೊಟ್ಟರೂ ಬಣ್ಣವನ್ನು ನೋಡದೆಯೇ ಆತನು ಹೆಸರು ಹೇಳುತ್ತಿದ್ದನು. ಮೂರು ಬಗೆಗಳನ್ನು ಬೆರಸಿ ಕೊಟ್ಟರೂ ಮೂರನ್ನೂ ಬಿಡಿಸಿ ಹೇಳುತ್ತಿದ್ದನು. ಆತನಿಗೆ ಯಾವ ಚಹ ಇಷ್ಟವೆಂಬುದನ್ನು ಅಡಿಸನ್ ಹೇಳಲೇ ಇಲ್ಲ. ಅದು ಅಲ್ಲಿ ಅಪ್ರಸ್ತುತ.

೧೭೫೭ರಲ್ಲಿ ಪ್ರಕಟವಾದ ಹ್ಯೂಮನ ಪ್ರಬಂಧವು ಇದನ್ನೇ ಇನ್ನೂ ಮುಂದಕ್ಕೆ ಒಯ್ದಿತು. ರುಚಿಯ ವಿಷಯದಲ್ಲಿ ವಾದ ಸಲ್ಲದೆಂಬ ಗಾದೆಯು ಇಂಗ್ಲಿಷಿನವರಲ್ಲಿಯೂ ಉಂಟು. ಹ್ಯೂಮ್ ಆ ಗಾದೆಯನ್ನು ಎತ್ತಿಕೊಂಡು ಅದಕ್ಕೆ ಎದುರುನಿಂತನು. ಆತನು ‘ಡಾನ್ ಕ್ವಿಕ್ಸೋಟ್’ ಗ್ರಂಥದಿಂದ ತೆಗೆದುಕೊಂಡ ದೃಷ್ಟಾಂತ ಪ್ರಸಿದ್ಧವಾಗಿದೆ. ಸಾಂಕೊ ಪಾಂಜಾನ ಬಂಧುಗಳಿಬ್ಬರು ಒಂದು ಪೀಪಾಯಿಯ ದ್ರಾಕ್ಷಾಮದ್ಯವನ್ನು ಪರೀಕ್ಷಿಸಿದರು. ಒಬ್ಬನು ಅದರಲ್ಲಿ ತೊಗಲಿನ ರುಚಿಯಿದೆಯೆಂದನು. ಇನ್ನೊಬ್ಬನು ಕಬ್ಬಿಣದ ರುಚಿಯಿದೆಯೆಂದನು. ಜನರು ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿಯನ್ನು ಬರಿದುಮಾಡಿದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ್ದ ಹಳೆಯದೊಂದು ಬೀಗದ ಕೈ ಸಿಕ್ಕಿತು. ೧೬೧೫ರಲ್ಲಿ ಹೊರಬಂದ ಮೂಲದ ಎರಡನೆಯ ಭಾಗದಲ್ಲಿ ಸೆರ್ವಾಂಟಿಸನು ಈ ಕಥೆಯನ್ನು ಸ್ವಲ್ಪ ಬೇರೆಯಾಗಿ ಹೇಳಿದ್ದಾನೆ: ಒಬ್ಬನು ನಾಲಗೆಯ ತುದಿಯನ್ನು ತಾಗಿಸಿದನು, ಇನ್ನೊಬ್ಬನು ಮೂಗಿನ ಹತ್ತಿರಕ್ಕೆ ತಂದುಕೊಂಡದ್ದಷ್ಟೇ. ಹ್ಯೂಮನು ಮೂಗನ್ನು ಬಿಟ್ಟು ಇಬ್ಬರಿಗೂ ನಾಲಗೆಯನ್ನೇ ಕೊಟ್ಟಿದ್ದಾನೆ. ಆತನ ವಾದಕ್ಕೆ ಒಂದೇ ಇಂದ್ರಿಯ ಬೇಕಾಗಿದ್ದಿತು. ಮೂಲದ ಕಥೆಯೇ ಹೆಚ್ಚು ಸ್ವಾರಸ್ಯವಾದುದು.

ಹ್ಯೂಮನ ತೀರ್ಪುಗಳೆಲ್ಲವೂ ನಿಂತವೆಂದಲ್ಲ. ಬನ್ಯನ್ನನನ್ನು ಅಡಿಸನ್ನನಿಗೆ ಸಮನೆನ್ನುವುದು ಇರುವೆಗೂಡಿನಂತಹ ಮಣ್ಣುಗುಪ್ಪೆಯನ್ನು ಪರ್ವತಕ್ಕೆ ಸಮನೆಂದಂತೆ ಎಂದು ಆತನು ನಿದರ್ಶನ ಕೊಟ್ಟನು. ಮುಂದಿನವರು ಬನ್ಯನ್ನನನ್ನು ಎತ್ತರದ ಪೀಠದಲ್ಲಿ ಕುಳ್ಳಿರಿಸಿದರು. ಆದರೆ ಆ ತೀರ್ಪು ಬಿದ್ದುಹೋದದ್ದು ಗ್ರಂಥವನ್ನು ಪುನಃ ಪರೀಕ್ಷಿಸಿದ್ದರಿಂದ. ‘ಅದು ಹ್ಯೂಮನ ಅಭಿರುಚಿ’ ಎಂದು ಸುಮ್ಮನಾದುದರಿಂದಲ್ಲ.

ಈ ಶಬ್ದಕ್ಕೆ ಬಲವಾದ ಆಕ್ಷೇಪಣೆಯನ್ನೊಡ್ಡಿದವನು ವರ್ಡ್ಸ್‌ವರ್ತ್. ೧೮೧೫ರ ತನ್ನ ಕವನಸಂಗ್ರಹಕ್ಕೆ ಸೇರಿಸಿದ ಪ್ರಬಂಧದಲ್ಲಿ ಆತನು, ದೇಹದ ನಿಷ್ಕ್ರಿಯವಾದ ಒಂದು ಇಂದ್ರಿಯದಿಂದ ತೆಗೆದ ರೂಪಕವನ್ನು ಬುದ್ಧಿಯ ವ್ಯಾಪಾರಕ್ಕೆ ಹಚ್ಚಿದ್ದಾರೆಂದೂ, ಓದುವವನ ಮನಸ್ಸು ಕವಿಯೊಡನೆ ಕೂಡಿ ದುಡಿಯದೆ ಕಾವ್ಯವು ಒಲಿಯದೆಂದೂ ವಾದಿಸಿದನು. ಎರಡನೆಯ ಮಾತು ನಿರ್ವಿವಾದ. ಮೊದಲನೆಯದು ‘ಟೇಸ್ಟ್’ ಶಬ್ದದ ಚರಿತ್ರೆಗೆ ನ್ಯಾಯ ಮಾಡಿಲ್ಲ. ತಡವಿ ನೋಡುವುದು ನಿಷ್ಕ್ರಿಯವಾದ ಕೆಲಸವಲ್ಲ. ವಿಚಿತ್ರವೆಂದರೆ, ಆ ಆಕ್ಷೇಪಣೆಯು ಇಂಗ್ಲಿಷ್ ಶಬ್ದಕ್ಕಿಂತ ಹೆಚ್ಚಾಗಿ ತಗಲುವುದು ‘ಅಭಿರುಚಿ’ಗೆ.

‘ರುಚ್’ ಧಾತುವಿಗೆ ಹೊಳೆಯುವುದು, ಹಿತವಾಗುವುದು ಎಂದು ಅರ್ಥ. ಹೊಳೆಯುವುದು ವಸ್ತು, ಮನುಷ್ಯನು ಅದನ್ನು ಪಡೆಯುವವನು. ಆದುದರಿಂದಲೇ ಪಾಣಿನಿಯು ಈ ಅರ್ಥದ ಧಾತುಗಳ ಯೋಗದಲ್ಲಿ ಪ್ರೀತನಾಗುವವನಿಗೆ ಸಂಪ್ರದಾನಸಂಜ್ಞೆಯನ್ನು ವಿಧಿಸಿದನು. ಕನ್ನಡವೂ ಹಾಗೆಯೇ: ‘ನನಗೆ ರುಚಿಸಿತು’ ಎಂಬಲ್ಲಿ ಮನುಷ್ಯನು ಕರ್ತೃವಲ್ಲ. ಆದರೆ ಕನ್ನಡದ ಅಡುಗೆಮನೆಯಲ್ಲಿ ಇನ್ನೊಂದು ಪ್ರಯೋಗವೂ ಉಂಟು, ‘ರುಚಿ ನೋಡು’ ಎಂದು. ಇದರಲ್ಲಿ ಮನುಷ್ಯನೇ ಕರ್ತೃ. ಸಾರಿನ ರುಚಿ ನೋಡಿದವರು ‘ನನಗೆ ಹಿಡಿಸಲಿಲ್ಲ’ ಎಂದು ನಿಲ್ಲಿಸುವುದಿಲ್ಲ. ‘ಉಪ್ಪು ಸಾಲದು, ಹುಳಿ ಮುಂದಾಗಿದೆ’ ಎನ್ನುತ್ತಾರೆ. ಆ ಮಾತನ್ನು ಇನ್ನೊಬ್ಬರು ನೋಡಿ ಒಪ್ಪಬಹುದು, ಅಲ್ಲಗಳೆಯಬಹುದು. ಅಡಿಸನ್, ಹ್ಯೂಮರು ಹೇಳುವ ‘ಟೇಸ್ಟ್’ ಎಂಬುದು ಈ ನೋಡುವಿಕೆಯೇ. ‘ಅಭಿರುಚಿ’ಯಲ್ಲಿ ರುಚಿಯು ಬಂದಿತು, ನೋಡುವುದು ಬರಲಿಲ್ಲ. ಬೆಂಗಳೂರಿನ ಆಡುಮಾತಿನವರು ‘ಟೇಸ್ಟ್ ನೋಡು’ ಎನ್ನುವಾಗ ಅರಿಯದೆಯೇ ಎರಡನ್ನೂ ಉಳಿಸಿಕೊಂಡಿದ್ದಾರೆ.

ವಾದವನ್ನು ಮುಗಿಸಲಿಚ್ಛಿಸುವವರು ಕಾಳಿದಾಸನನ್ನು ಸಾಕ್ಷಿಗೆ ಕರೆಯುವುದುಂಟು. ಲೋಕವು ಭಿನ್ನರುಚಿಯುಳ್ಳದ್ದೆಂಬ ಮಾತು ‘ರಘುವಂಶ’ದ ಆರನೆಯ ಸರ್ಗದಲ್ಲಿ ಬಂದಿರುವುದು ನಿಜ. ಅದು ಇಂದುಮತಿಯು ಅಂಗರಾಜನನ್ನು ವರಿಸದೆ ಮುಂದೆ ನಡೆದ ಸಂದರ್ಭ. ಅಲ್ಲಿ ಕವಿಯು, ರಾಜನು ಕಾಮ್ಯನಲ್ಲದವನಲ್ಲ, ಆಕೆಯು ಸರಿಯಾಗಿ ನೋಡಲು ಅರಿಯದವಳೂ ಅಲ್ಲ ಎಂದು ಮೊದಲು ಹೇಳಿ, ಅನಂತರ ರುಚಿಭೇದದ ಮಾತನ್ನು ಎತ್ತಿದ್ದಾನೆ. ನೋಟವು ಸರಿಯೆಂದು ಸ್ಥಾಪಿತವಾದ ಮೇಲೆ ಉಳಿಯುವುದು ರುಚಿಭೇದ. ಅದೂ ವರನ ಆಯ್ಕೆಯಲ್ಲಿ, ಕಾವ್ಯದ ತೂಕದಲ್ಲಲ್ಲ.

ಕಾವ್ಯದ ತೂಕಕ್ಕೆ ಆಲಂಕಾರಿಕರು ಬೇರೆ ಮಾತನ್ನೇ ಇಟ್ಟುಕೊಂಡಿದ್ದರು. ಅನ್ನ ಸೇರದಿರುವುದು ಆಯುರ್ವೇದದಲ್ಲಿ ಅರೋಚಕವೆಂಬ ರೋಗ. ದೋಷವು ಅನ್ನದ್ದಲ್ಲ, ಉಣ್ಣುವವನದು. ಈ ರೋಗದ ಹೆಸರನ್ನೇ ವಾಮನನು ಕವಿಗಳಿಗೆ ಪ್ರಶಂಸೆಯಾಗಿ ಹಚ್ಚಿದನು. ಸುಲಭವಾಗಿ ಏನೂ ರುಚಿಸದ ಅರೋಚಕಿಗಳು ವಿವೇಕಿಗಳು, ಉಪದೇಶಕ್ಕೆ ಯೋಗ್ಯರು. ಹುಲ್ಲುಸಹಿತವಾಗಿ ಎಲ್ಲವನ್ನೂ ತಿನ್ನುವ ಸತೃಣಾಭ್ಯವಹಾರಿಗಳು ಹಾಗಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಭಾಗವನ್ನು ವಿಮರ್ಶಕರಿಗೂ ಅನ್ವಯಿಸಿ, ಅರೋಚಕಿಗಳಲ್ಲಿಯೂ ಎರಡು ಬಗೆಯನ್ನು ಕಂಡಿದ್ದಾನೆ. ಹುಟ್ಟಿನಿಂದ ಬಂದ ಅರೋಚಕವು ತವರದ ಕಪ್ಪಿನಂತೆ, ನೂರು ಸಂಸ್ಕಾರದಿಂದಲೂ ಹೋಗದು. ಜ್ಞಾನದಿಂದ ಬಂದುದಾದರೆ, ವಿಶಿಷ್ಟವಾದ ಉಕ್ತಿ ಎದುರಾದಾಗ ತಾನಾಗಿ ರೋಚಕವಾಗುತ್ತದೆ. ಈ ಇಬ್ಬರ ಜೊತೆಗೆ ಆತನು ಮತ್ಸರಿಯನ್ನೂ, ಸಾವಿರಕ್ಕೊಬ್ಬನಾದ ತತ್ತ್ವಾಭಿನಿವೇಶಿಯನ್ನೂ ಸೇರಿಸಿ ವಿಮರ್ಶಕರನ್ನು ನಾಲ್ಕು ವರ್ಗ ಮಾಡಿದ್ದಾನೆ. ಭಿನ್ನರುಚಿಯೆಂಬ ಐದನೆಯ ವರ್ಗವು ಆ ಎಣಿಕೆಯಲ್ಲಿಲ್ಲ.