ಚೆಲ್ಲೊ ಆಲಿಸುವ ಬಗೆ: ಜಾಕ್ವೆಲಿನ್ ಡು ಪ್ರೆ ಅವರ ಆರಂಭದ ವರ್ಷಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚೆಲ್ಲೊ ಪಿಟೀಲಿನ ಕುಟುಂಬಕ್ಕೆ ಸೇರಿದ, ಕುಳಿತ ವಾದಕರು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ನಾಲ್ಕು ತಂತಿಗಳ ವಾದ್ಯ. ಅದನ್ನು ಕೇಳಲು ಕಲಿಯುವವರಿಗೆ ಇಂಗ್ಲೆಂಡಿನ ಚೆಲ್ಲೊ ವಾದಕಿ ಜಾಕ್ವೆಲಿನ್ ಡು ಪ್ರೆ (1945–1987) ಅವರ ಆರಂಭದ ವರ್ಷಗಳು ಒಳ್ಳೆಯ ಪ್ರವೇಶ. 1973ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಅವರ ವಾದನವನ್ನು ನಿಲ್ಲಿಸಿದ್ದರಿಂದ, ಅದಕ್ಕೂ ಹಿಂದಿನ ಧ್ವನಿಮುದ್ರಿಕೆಗಳಲ್ಲಿ ಮುಂಬರುವ ದುರಂತದ ನೆರಳನ್ನು ಹುಡುಕುವುದು ಅನೇಕ ಕೇಳುಗರಿಗೆ ರೂಢಿಯಾಗಿದೆ. ಆದರೆ ಆ ನಾದದ ತೀವ್ರತೆಗೆ ಕಾರಣವನ್ನು ಅವರು ಪಡೆದ ಶಿಕ್ಷಣದಲ್ಲಿ ಹುಡುಕುವುದೇ ಸರಿಯಾದ ದಾರಿ.

ಪಿಯಾನೊ ವಾದಕಿಯಾಗಿದ್ದ ತಾಯಿ ಐರಿಸ್ ಮಗಳಿಗಾಗಿ ಪುಟ್ಟ ರಚನೆಗಳನ್ನು ಬರೆದು, ಅವುಗಳಿಗೆ ಚಿತ್ರಗಳನ್ನೂ ಬಿಡಿಸಿಕೊಡುತ್ತಿದ್ದರು. 10ನೆಯ ವಯಸ್ಸಿನಲ್ಲಿ ಜಾಕ್ವೆಲಿನ್ ಚೆಲ್ಲೊ ಗುರು ವಿಲಿಯಂ ಪ್ಲೀತ್ ಅವರ ಶಿಷ್ಯೆಯಾದರು. ಮರುವರ್ಷ, ಪೋರ್ಚುಗಲ್ಲಿನ ಚೆಲ್ಲೊ ವಾದಕಿ ಗಿಲೆರ್ಮಿನಾ ಸುಜಿಯಾ ಅವರ ಸ್ಟ್ರಾಡಿವೇರಿಯಸ್ ವಾದ್ಯವನ್ನು ಮಾರಿ ಬಂದ ಹಣದಿಂದ ಸ್ಥಾಪಿತವಾದ ಪುರಸ್ಕಾರ ದೊರೆತು ಪಾಠದ ವೆಚ್ಚಕ್ಕೆ ಆಸರೆಯಾಯಿತು. ಕೈಚಳಕವನ್ನು ಭಾವದಿಂದ ಬೇರ್ಪಡಿಸಿ ಕಲಿಸಬಾರದೆಂಬುದು ಪ್ಲೀತ್ ಅವರ ನಿಲುವಾಗಿತ್ತು.

ಈ ಶಿಕ್ಷಣದ ಫಲವನ್ನು ಗುರುತಿಸಲು ಎರಡೂ ಕೈಗಳ ಕೆಲಸ ತಿಳಿದಿರಬೇಕು. ತಂತಿಗಳನ್ನು ಹೊತ್ತ ಕುದುರೆಯ ಸಮೀಪ ಬಲಗೈಯ ಕಮಾನು ಚಲಿಸಿದರೆ ನಾದ ತೀಕ್ಷ್ಣವಾಗುತ್ತದೆ, ದೂರ ಸರಿದರೆ ಮೃದುವಾಗುತ್ತದೆ; ಕಮಾನಿನ ದಿಕ್ಕು ಬದಲಾದರೂ ನಾದ ಕಡಿಯದಿರುವುದು ವರ್ಷಗಳ ಅಭ್ಯಾಸದಿಂದ ಮಾತ್ರ ಸಾಧ್ಯ. ಎಡಗೈ ಸ್ವರಸ್ಥಾನಗಳನ್ನು ಒತ್ತುವುದರ ಜೊತೆಗೆ, ಬೆರಳಿನ ಸಣ್ಣ ತೂಗಾಟದಿಂದ ವೈಬ್ರಾಟೊ ಎಂಬ ಕಂಪನವನ್ನು ಉಂಟುಮಾಡುತ್ತದೆ. ಕರ್ನಾಟಕ ಸಂಗೀತದ ಗಮಕ ನೆರೆಯ ಸ್ವರಗಳನ್ನು ಮುಟ್ಟಿ ರಾಗದ ರೂಪವನ್ನೇ ಕಟ್ಟುತ್ತದೆ; ವೈಬ್ರಾಟೊ ಒಂದೇ ಸ್ವರದ ಸುತ್ತ ನಿಂತು ಅದರ ಬಣ್ಣವನ್ನು ಬದಲಿಸುತ್ತದೆ.

1961ರ ಮಾರ್ಚ್‌ನಲ್ಲಿ, 16ನೆಯ ವಯಸ್ಸಿನಲ್ಲಿ, ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಅವರ ವೃತ್ತಿಜೀವನ ಆರಂಭವಾಯಿತು. 1965ರಲ್ಲಿ ಜಾನ್ ಬಾರ್ಬಿರೋಲಿ ಅವರ ನಿರ್ದೇಶನದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದೊಡನೆ ಮುದ್ರಿಸಿದ, ಸಂಗೀತ ರಚನಕಾರ ಎಲ್ಗಾರ್‌ನ ಚೆಲ್ಲೊ ಕನ್ಚರ್ಟೊ, ಎಂದರೆ ಒಂಟಿ ವಾದ್ಯವೂ ವಾದ್ಯವೃಂದವೂ ಎದುರುಬದುರಾಗಿ ಸಂವಾದಿಸುವ ರಚನೆ, ಮೊದಲ ಆಲಿಕೆಗೆ ತಕ್ಕದ್ದು. ಆರಂಭದಲ್ಲಿ ಹಲವು ತಂತಿಗಳನ್ನು ಕೂಡಿಸಿ ನುಡಿಸುವ ಸ್ವರಮೇಳಗಳಲ್ಲಿ ಕಮಾನಿನ ಭಾರವನ್ನು ಗಮನಿಸಬೇಕು. ಬಳಿಕ ಪಿಟೀಲಿನ ಕುಟುಂಬದವೇ ಆದ ವಯೋಲಾಗಳು ಆಸರೆಯಿಲ್ಲದೆ ತೆರೆದಿಡುವ ನೀಳ ಧಾಟಿಯನ್ನು ಚೆಲ್ಲೊ ಎತ್ತಿಕೊಂಡು, ಮುಂದೆ ಮಂದ್ರದಿಂದ ತಾರಕ್ಕೆ ಏರಿ, ಇಡೀ ವಾದ್ಯವೃಂದಕ್ಕೆ ಅದನ್ನು ಒಪ್ಪಿಸುತ್ತದೆ. ಆ ಏರಿಕೆಯಲ್ಲಿ ಶಕ್ತಿಯನ್ನು ಕೊನೆಯ ಸ್ವರದವರೆಗೆ ಕಾಯ್ದಿಡುವ ವಿವೇಕ 20 ವರ್ಷದ ವಾದಕಿಯದು.

ಹೆಸರು ಬಂದ ಮೇಲೂ ಅವರು ಪ್ಯಾರಿಸ್ಸಿನಲ್ಲಿ ಚೆಲ್ಲೊ ವಾದಕ ಪಾಲ್ ಟಾರ್ಟೆಲಿಯೆ ಅವರಲ್ಲಿ, 1966ರಲ್ಲಿ ಮಾಸ್ಕೋದಲ್ಲಿ ಮತ್ತೊಬ್ಬ ಚೆಲ್ಲೊ ವಾದಕ ರಸ್ತ್ರಪೋವಿಚ್ ಅವರಲ್ಲಿ ಕಲಿತರು. ಆದ್ದರಿಂದ ರಸಿಕರು ಯುವ ವಾದಕರೊಬ್ಬರ ಒಂದೇ ಮುದ್ರಿಕೆಯಿಂದ ತೃಪ್ತರಾಗದೆ, ಬೇರೆ ಬೇರೆ ವರ್ಷಗಳ ವಾದನಗಳನ್ನು ಹೋಲಿಸಿ ಕೇಳುವುದು ಲೇಸು. ಎಲ್ಗಾರ್ ಮುಗಿದ ಮೇಲೆ, ಡು ಪ್ರೆ 1962ರಲ್ಲಿ ನುಡಿಸಿದ, ಬಾಖ್‌ನ ಮೊದಲ ಎರಡು ಚೆಲ್ಲೊ ಸೂಟ್‌ಗಳನ್ನು, ಎಂದರೆ ನೃತ್ಯಲಯಗಳ ಸರಣಿಗಳನ್ನು, ಆಲಿಸಬಹುದು. ಅಲ್ಲಿ ಜೊತೆಗಾರ ವಾದ್ಯವೇ ಇಲ್ಲದ ಕಾರಣ, ಕಮಾನು ಕಲಿತದ್ದು ಮತ್ತು ಇನ್ನೂ ಕಲಿಯಬೇಕಾದದ್ದು ಎರಡೂ ಮರೆಯಿಲ್ಲದೆ ಕೇಳಿಸುತ್ತವೆ.