ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್

ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದಕ್ಕೆ ನನಗೆ ಸಂಬಳ ಕೊಡ್ತಾರೆ. ಈ ಚಾಳಿಯನ್ನ ಆಫೀಸಿನ ಬಾಗಿಲಲ್ಲೇ ಬಿಟ್ಟು ಬರೋಕೆ ಆಗಲ್ಲ. ಸಿನಿಮಾಗೆ ಹೋದರೆ ಹೀರೋ ಎಂಟ್ರಿಗಿಂತ ಮೊದಲು ನನ್ನ ಕಣ್ಣು ಹೋಗೋದು ಪರದೆಯ ಮೂಲೆಗಳಿಗೆ. ಚಿತ್ರ ಚೌಕಟ್ಟಿನೊಳಗೆ ಸರಿಯಾಗಿ ಕೂತಿದೆಯಾ? ಮಧ್ಯದಲ್ಲೂ ಅಂಚಿನಲ್ಲೂ ಬೆಳಕು ಒಂದೇ ಸಮ ಇದೆಯಾ? ಎಡಗಡೆಯ ಸ್ಪೀಕರಿಗೆ ಜೀವ ಇದೆಯಾ? ಹೆಂಡತಿ ನನ್ನ ಜೊತೆ ಸಿನಿಮಾ ನೋಡೋದು ಬಿಟ್ಟು ಎರಡು ವರ್ಷ ಆಯ್ತು. ಅವಳದು ತಪ್ಪಲ್ಲ ಬಿಡಿ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಇಂಥ ನಾನೇ ಒಂದು ದಿನ ಕಣ್ಣೆದುರಿಗೆ ಬಗ್ ಇಟ್ಕೊಂಡು ಬಾಯಿ ಮುಚ್ಚಿ ಕೂತಿದ್ದೆ. ಅದರ ಬೆಲೆ ತೆತ್ತಿದ್ದು ನಮ್ಮಪ್ಪ.

2022ರ ಅಕ್ಟೋಬರ್. ಊರಿಡೀ 'ಕಾಂತಾರ'ದ ಮಾತು. ತುಮಕೂರಿನಿಂದ ಅಪ್ಪ ಬಂದಿದ್ರು. ಅವರಿಗೆ ಆಗ ಎಪ್ಪತ್ತು. ಎರಡೂ ಕಣ್ಣಿನ ಪೊರೆ ತೆಗೆಸಿ ಮೂರು ವರ್ಷ ಆಗಿತ್ತು. ಸಿನಿಮಾ ಅಂದ್ರೆ ಪ್ರಾಣ. 'ಬಂಗಾರದ ಮನುಷ್ಯ' 1972ರಲ್ಲಿ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತಲ್ಲ, ಆ ಎರಡು ವರ್ಷದಲ್ಲಿ ತಾನು ಎಷ್ಟು ಸಲ ನೋಡಿದೆ ಅನ್ನೋ ಲೆಕ್ಕವನ್ನ ಅಮ್ಮನ ಎದುರಿಗೆ ಇವತ್ತಿಗೂ ಬಾಯಿ ಬಿಡಲ್ಲ. ಇಂಥ ಮನುಷ್ಯನಿಗೆ ಒಳ್ಳೇ ಕಡೆ ತೋರಿಸಬೇಕು ಅಂತ ಮಾಲ್ ಒಂದರ ಮಲ್ಟಿಪ್ಲೆಕ್ಸಿನಲ್ಲಿ ಕಾಲು ಚಾಚೋ ಸೀಟು ಬುಕ್ ಮಾಡಿದೆ. ಟಿಕೆಟ್ ರೇಟನ್ನ ಅವರಿಗೆ ಅರ್ಧ ಮಾಡಿ ಹೇಳಿದೆ. ಪಾಪ್‌ಕಾರ್ನ್ ರೇಟ್ ಹೇಳಲೇ ಇಲ್ಲ.

ಸಿನಿಮಾ ಶುರುವಾದ ಎರಡನೇ ನಿಮಿಷಕ್ಕೇ ಗೊತ್ತಾಯ್ತು, ಪರದೆ ಡಿಮ್ ಇದೆ. ಅನುಮಾನವೇ ಇಲ್ಲ. ಬಿಳಿ ಪಂಚೆ ಬೂದಿ ಬಣ್ಣದ ಪಂಚೆ ಆಗಿತ್ತು. ತಿರುಗಿ ಪ್ರೊಜೆಕ್ಟರ್ ಕಿಂಡಿ ಕಡೆ ನೋಡಿದೆ. ಒಂದು ಬೆಳಕಿನ ಕೋಲು ಬರಬೇಕಾದ ಜಾಗದಲ್ಲಿ ಒಂದರ ಮೇಲೊಂದು ಎರಡು ಬರ್ತಿದ್ದವು. ಹೊರಗಡೆ ಬೋರ್ಡಿನಲ್ಲಿ ಅದೇ ಸ್ಕ್ರೀನಿಗೆ ಬೆಳಗಿನ ಆಟ 3ಡಿ ಸಿನಿಮಾ ಅಂತ ಇದ್ದಿದ್ದು ನೆನಪಾಯ್ತು. ಅಲ್ಲಿಗೆ ಡಯಾಗ್ನಸಿಸ್ ಮುಗೀತು: 3ಡಿ ಫಿಲ್ಟರನ್ನ ತೆಗೆದಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಥಿಯೇಟರ್ ಪರದೆಯ ಮೇಲೆ ಎಷ್ಟು ಬೆಳಕು ಬೀಳಬೇಕು ಅನ್ನೋದಕ್ಕೆ ಅಳತೆ ಇದೆ. ಡಿಜಿಟಲ್ ಸಿನಿಮಾದ ಮಾನದಂಡದ ಪ್ರಕಾರ ಅದು 14 ಫುಟ್-ಲ್ಯಾಂಬರ್ಟ್, ನಮ್ಮ ಫೋನಿನ ಭಾಷೆಯಲ್ಲಿ ಸುಮಾರು 48 ನಿಟ್ಸ್. ನಿಮ್ಮ ಫೋನ್ ನೂರಾರು ನಿಟ್ಸ್ ಕೊಡುತ್ತೆ. ಥಿಯೇಟರಿಗೆ ಅಷ್ಟೇ ಸಾಕು, ಯಾಕೆಂದರೆ ಸುತ್ತ ಕತ್ತಲಿರುತ್ತೆ. ಆದರೆ ಇರೋದೇ ಅಷ್ಟು. ಒಂದೇ ಪ್ರೊಜೆಕ್ಟರಿನಲ್ಲಿ 3ಡಿ ತೋರಿಸೋ ವ್ಯವಸ್ಥೆಗಳು ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ಕಳಿಸೋ ಅವಸರದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕನ್ನ ನುಂಗಿಬಿಡ್ತವೆ. 3ಡಿ ಆಟ ಮುಗಿದ ಮೇಲೆ ಆ ಫಿಲ್ಟರನ್ನ ಪಕ್ಕಕ್ಕೆ ಸರಿಸಬೇಕು. ಸರಿಸೋದು ಮರೆತರೆ ಮಾಮೂಲಿ ಸಿನಿಮಾವೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನೋಡಿದ ಹಾಗೆ ಇರುತ್ತೆ. ಇದರ ಜೊತೆಗೆ ಇನ್ನೊಂದು ರೋಗ ಇದೆ. ಝೆನಾನ್ ದೀಪಗಳು ಹಳೆಯದಾದಂತೆ ಮಂಕಾಗ್ತವೆ. ದೀಪ ದುಬಾರಿ. ಹಾಗಾಗಿ ಇನ್ನೊಂದು ತಿಂಗಳು ಓಡ್ಲಿ ಅಂತ ಓಡಿಸೋರಿಗೆ ಕಮ್ಮಿ ಇಲ್ಲ.

ಸರಿ, ಇಷ್ಟೆಲ್ಲ ಗೊತ್ತಿದ್ದ ನಾನು ಎದ್ದು ಹೋಗಿ ಹೇಳಿದೆನಾ? ಇಲ್ಲ. ನೂರೈವತ್ತು ಜನ ಇದಾರೆ, ಯಾರಾದ್ರೂ ಹೇಳ್ತಾರೆ ಅಂದ್ಕೊಂಡೆ. ಕಾಲು ಚಾಚಿದ ಹನ್ನೆರಡು ಜನರನ್ನ ದಾಟಿ ಹೋಗಬೇಕಿತ್ತು. ಸಿನಿಮಾ ಬೇರೆ ಚೆನ್ನಾಗಿತ್ತು.

ನಿಜವಾಗ್ಲೂ ಚೆನ್ನಾಗಿತ್ತು. ಈಗ ಕತೆ ಹೇಳಿದೆ ಅಂತ ಬೈಬೇಡಿ, ಇಷ್ಟು ದಿನಕ್ಕೂ ನೋಡಿಲ್ಲ ಅಂದ್ರೆ ಅದು ನಿಮ್ಮ ಸಮಸ್ಯೆ. 'ಕಾಂತಾರ'ದಲ್ಲಿ ನನಗೆ ಹಿಡಿಸದ ಭಾಗಗಳೂ ಇವೆ. ಮೊದಲರ್ಧದ ಪಟಾಲಂ ಕಾಮಿಡಿ ಎಳೆದಾಡುತ್ತೆ. ಅರಣ್ಯ ಇಲಾಖೆ ಕೆಲಸಕ್ಕೆ ಸೇರೋ ಲೀಲಾ ಒಂದು ಕಡೆ ಯೂನಿಫಾರ್ಮು, ಇನ್ನೊಂದು ಕಡೆ ಊರು ಅಂತ ಸಿಕ್ಕಿಹಾಕ್ಕೊಳ್ತಾಳೆ. ಸಿನಿಮಾದ ಅತ್ಯಂತ ಒಳ್ಳೇ ಸಂಕಟ ಅವಳದು. ಅದನ್ನ ಅರ್ಧಕ್ಕೇ ಬಿಟ್ಟು ಕತೆ ಹೀರೋ ಹಿಂದೆ ಓಡಿಬಿಡುತ್ತೆ. ಆದರೆ ರಿಷಬ್ ಶೆಟ್ಟಿಗೂ ಕ್ಯಾಮೆರಾ ಹಿಡಿದ ಅರವಿಂದ್ ಕಶ್ಯಪ್‌ಗೂ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ದೈವವನ್ನ ಪೂರ್ತಿ ತೋರಿಸಬಾರದು. ಕತ್ತಲಲ್ಲಿ ಅರ್ಧ ಕಾಣಬೇಕು, ಇನ್ನರ್ಧ ಕೇಳಬೇಕು. ದೊಂದಿಯ ಬೆಳಕು ತಾಗಿದಷ್ಟು ಹೊತ್ತು ಮುಖದ ಹಳದಿ ಉರೀಬೇಕು, ತಾಗದೇ ಇದ್ದಾಗ ಕಾಡು ಅದನ್ನ ನುಂಗಬೇಕು. ಶುರುವಿನಲ್ಲಿ ಕೋಲ ಕಟ್ಟಿದ ಅಪ್ಪ ಕಾಡಿನೊಳಗೆ ಓಡಿ ಮಾಯ ಆಗ್ತಾನೆ, ಕೊನೆಯಲ್ಲಿ ಮಗನೂ ಅದೇ ದಾರಿ ಹಿಡೀತಾನೆ. 'ಮಾಯವಾಗೋದು' ಕಾಣಬೇಕಾದರೆ ಅದಕ್ಕೆ ಮೊದಲು 'ಇದ್ದದ್ದು' ಸ್ಪಷ್ಟವಾಗಿ ಕಂಡಿರಬೇಕು ತಾನೆ?

ನಮ್ಮ ಸ್ಕ್ರೀನಿನಲ್ಲಿ ಕಾಣಲಿಲ್ಲ. ಹಳದಿ ಕೆಸರಾಗಿತ್ತು. ಕಾಡು, ಕತ್ತಲು, ಮನುಷ್ಯ ಎಲ್ಲ ಸೇರಿ ಒಂದೇ ಮುದ್ದೆ. ಕೊನೆಯ ಇಪ್ಪತ್ತು ನಿಮಿಷ ಕಿವಿಯಲ್ಲಿ ಗಗ್ಗರದ ಸದ್ದು, ಆ ಕೂಗು. ಮೈ ಜುಮ್ಮೆನ್ನಿಸಿದ್ದು ಅಷ್ಟೂ ಕಿವಿಯ ಕಡೆಯಿಂದ. ಕಣ್ಣಿಗೆ ಸಿಕ್ಕಿದ್ದು ಏನೂ ಇಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ತುಂಬ ಹೊತ್ತು ಸುಮ್ಮನಿದ್ರು. ಆಮೇಲೆ ಮೆಲ್ಲಗೆ, "ಪಿಕ್ಚರ್ ಚೆನ್ನಾಗಿದೆ ಕಣೋ. ನಂಗೇ ಸರಿಯಾಗಿ ಕಾಣಿಸ್ಲಿಲ್ಲ. ಮತ್ತೆ ಪೊರೆ ಬಂತೇನೋ" ಅಂದ್ರು.

"ಅಪ್ಪ, ಅದು ನಿಮ್ಮ ಕಣ್ಣಲ್ಲ, ಪ್ರೊಜೆಕ್ಟರ್."

"ಸುಮ್ನಿರೋ. ಅಷ್ಟು ಜನ ಇದ್ರು. ಒಬ್ಬರಾದ್ರೂ ಏನಾದ್ರೂ ಅಂದ್ರಾ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆ 'ಅಷ್ಟು ಜನ'ದಲ್ಲಿ ನಾನೂ ಒಬ್ಬ. ನಮ್ಮೆಲ್ಲರ ಮೌನವೇ ಅವರಿಗೆ ಸಾಕ್ಷಿ ಆಗಿತ್ತು. ಮುಂದಿನ ವಾರ ತುಮಕೂರಿನಲ್ಲಿ ಕಣ್ಣಿನ ಡಾಕ್ಟರ ಹತ್ರ ಹೋಗಿ, ಡ್ರಾಪ್ಸ್ ಹಾಕಿಸ್ಕೊಂಡು, ಅರ್ಧ ದಿನ ಕಣ್ಣು ಮಂಜಾಗಿ ಕೂತು ಬಂದ್ರು. ಕಣ್ಣು ಸರಿಯಾಗೇ ಇದೆ ಅಂದ್ರಂತೆ ಡಾಕ್ಟರು. ಆ ಒಂದು ವಾರ ಅಪ್ಪ ಪೇಪರ್ ಓದುವಾಗೆಲ್ಲ ಒಂದೊಂದೇ ಕಣ್ಣು ಮುಚ್ಚಿ ನೋಡ್ತಿದ್ರು ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಎಷ್ಟು ಕೆಟ್ಟದೆನಿಸಿತು ಅಂತ ಬರೆಯೋದು ಕಷ್ಟ.

ಆಮೇಲೆ ಗೊತ್ತಾದ ಇನ್ನೊಂದು ಸಂಗತಿ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗ್ತಾ ಹೋಗುತ್ತೆ, ಕತ್ತಲಲ್ಲೂ ಮೊದಲಿನಷ್ಟು ಅರಳಲ್ಲ. ಅಂದ್ರೆ ಒಳಗೆ ಹೋಗೋ ಬೆಳಕೇ ಕಮ್ಮಿ. ಹಾಗಾಗಿ ಪರದೆಯ ಬೆಳಕು ಅರ್ಧ ಆದರೆ ಇಪ್ಪತ್ತೈದರ ಹುಡುಗನಿಗೆ 'ಏನೋ ಸ್ವಲ್ಪ ಡಲ್' ಅನ್ನಿಸಬಹುದು, ಎಪ್ಪತ್ತರವರಿಗೆ ಸಿನಿಮಾನೇ ಇಲ್ಲ. ಕಾಣದೇ ಇರೋರು ಅದನ್ನ ತಮ್ಮ ವಯಸ್ಸಿನ ಲೆಕ್ಕಕ್ಕೆ ಬರ್ಕೊಂಡು ಸುಮ್ಮನಾಗ್ತಾರೆ.

ಸೌಂಡಿನದೂ ಇದೇ ಕತೆ. ಡಾಲ್ಬಿ ಪ್ರೊಸೆಸರಿನಲ್ಲಿ 7 ಅನ್ನೋದು ಸರಿಯಾದ ಮಟ್ಟ. ಸಿನಿಮಾದ ಸೌಂಡ್ ಮಿಕ್ಸ್ ಮಾಡೋರು ಆ ಮಟ್ಟಕ್ಕೆ ಮಾಡಿರ್ತಾರೆ. ಜಾಹೀರಾತು ಅರಚುತ್ತೆ ಅಂತ ಯಾರೋ ಬೈದಿರ್ತಾರೆ, ಥಿಯೇಟರಿನವರು ಐದಕ್ಕೋ ನಾಲ್ಕೂವರೆಗೋ ಇಳಿಸಿರ್ತಾರೆ, ಮತ್ತೆ ಏರಿಸೋಕೆ ಯಾರಿಗೂ ನೆನಪಿರಲ್ಲ. 2016ರಲ್ಲಿ ರಾಮ್ ರೆಡ್ಡಿಯವರ 'ತಿಥಿ' ನೋಡಿದಾಗ ಹೀಗೇ ಆಗಿತ್ತು. ಸ್ಟುಡಿಯೋದಲ್ಲಿ ಡಬ್ ಮಾಡದೆ ಮಂಡ್ಯ ಕಡೆಯ ಊರಿನವರ ಮಾತನ್ನ ಅಲ್ಲಲ್ಲೇ ಹಿಡಿದ ಸಿನಿಮಾ ಅದು. ಗಡ್ಡಪ್ಪ ಬೀಡಿ ಬಾಯಲ್ಲಿ ಗೊಣಗೋದರಲ್ಲೇ ಅರ್ಧ ಮಜಾ. ನಮ್ಮ ಹಾಲಿನಲ್ಲಿ ಆ ಗೊಣಗಾಟ ಎಸಿ ಸದ್ದಿನಲ್ಲಿ ಕೊಚ್ಚಿಹೋಯ್ತು. ಕನ್ನಡದವರೆಲ್ಲ ಕೂತು ಕನ್ನಡ ಸಿನಿಮಾಗೆ ಇಂಗ್ಲಿಷ್ ಸಬ್‌ಟೈಟಲ್ ಓದಿ ನಕ್ಕು ಬಂದ್ವಿ. ಅವತ್ತೂ ಯಾರೂ ಏನೂ ಅನ್ನಲಿಲ್ಲ.

ಡಾಕ್ಟರು ಸರ್ಟಿಫಿಕೇಟ್ ಕೊಟ್ಟ ಮೇಲೆ ನಾನೇ ತುಮಕೂರಿಗೆ ಹೋದೆ. ಅಲ್ಲಿನ ಒಂದು ಹಳೇ ಸಿಂಗಲ್ ಸ್ಕ್ರೀನಿನಲ್ಲಿ 'ಕಾಂತಾರ' ಇನ್ನೂ ಓಡ್ತಿತ್ತು. ಬಾಲ್ಕನಿ ಟಿಕೆಟ್ ತಗೊಂಡ್ವಿ. ಸೀಟಿನ ಸ್ಪ್ರಿಂಗ್ ನನ್ನ ಜೊತೆ ಮಾತಾಡ್ತಿತ್ತು, ಟಾಯ್ಲೆಟ್ ಬಗ್ಗೆ ಬರೆಯಲ್ಲ. ಆದರೆ ದೀಪ ಹೊಸದಿತ್ತು ಅನ್ಸುತ್ತೆ, ಪರದೆ ಉರೀತಿತ್ತು. ಮೊದಲ ಕೋಲ ಬಂದಾಗ ಅಪ್ಪ ನನ್ನ ಮೊಣಕೈ ಹಿಡ್ಕೊಂಡ್ರು. "ಹಳದಿ ಕಾಣ್ತಿದೆ ಕಣೋ" ಅಂದ್ರು. ನಾನು ಪರದೆ ಬಿಟ್ಟು ಸ್ವಲ್ಪ ಹೊತ್ತು ಅವರನ್ನೇ ನೋಡಿದೆ.

ಇಂಟರ್ವಲ್ ಆಗಿ ಹತ್ತು ನಿಮಿಷಕ್ಕೆ ಸೌಂಡ್ ಪಟ್ ಅಂತ ನಿಂತುಹೋಯ್ತು. ಚಿತ್ರ ಓಡ್ತಿದೆ, ಮಾತಿಲ್ಲ. ಕೆಳಗಡೆ ಗಾಂಧಿ ಕ್ಲಾಸಿನಿಂದ ಶುರು: "ಲೇ ಸೌಂಡು!" "ಆಪರೇಟ್ರೇ, ನಿದ್ದೆನಾ?" ಶಿಳ್ಳೆ, ಚಪ್ಪಾಳೆ, ಸೀಟು ಬಡಿಯೋ ಸದ್ದು. ಅಷ್ಟರಲ್ಲಿ ನನ್ನ ಕಿವಿ ಪಕ್ಕದಲ್ಲೇ ತಲೆ ಸೀಳೋ ಹಾಗೆ ಒಂದು ಶಿಳ್ಳೆ. ತಿರುಗಿ ನೋಡಿದರೆ ಅಪ್ಪ, ಎರಡು ಬೆರಳು ಬಾಯಲ್ಲಿ. ನಲವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ರಿಟೈರ್ ಆದ ನಮ್ಮಪ್ಪನಿಗೆ ಶಿಳ್ಳೆ ಹೊಡೆಯೋಕೆ ಬರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಕಿಂಡಿಯಲ್ಲಿ ಒಂದು ತಲೆ ಇಣುಕಿತು. ಅರ್ಧ ನಿಮಿಷದಲ್ಲಿ ಸೌಂಡ್ ವಾಪಸ್. ಇಡೀ ಹಾಲ್ ಅದಕ್ಕೂ ಒಂದು ಚಪ್ಪಾಳೆ ಹೊಡೀತು.

ನಮ್ಮ ಭಾಷೆಯಲ್ಲಿ ಇದನ್ನ ಮಾನಿಟರಿಂಗ್ ಅಂತೀವಿ. ಕಂಪನಿಗಳು ಇದಕ್ಕೆ ಡ್ಯಾಶ್‌ಬೋರ್ಡ್, ಅಲರ್ಟು, ರಾತ್ರಿ ಎರಡು ಗಂಟೆಗೆ ಎಬ್ಬಿಸೋಕೆ ಒಬ್ಬ ಬಡಪಾಯಿ ಇಂಜಿನಿಯರ್, ಎಲ್ಲ ಇಟ್ಕೊಂಡಿರ್ತವೆ. ಗಾಂಧಿ ಕ್ಲಾಸ್ ಇದನ್ನ ಪುಕ್ಕಟೆ ಮಾಡ್ತಿತ್ತು. ರೀಲಿನ ಕಾಲದಲ್ಲಿ ಒಂದೊಂದು ರೀಲ್ ಸುಮಾರು ಇಪ್ಪತ್ತು ನಿಮಿಷ. ಆಪರೇಟರ್ ರೂಮ್ ಬಿಟ್ಟು ಕದಲೋ ಹಾಗೇ ಇರಲಿಲ್ಲ. ಈಗ ಮಲ್ಟಿಪ್ಲೆಕ್ಸಿನಲ್ಲಿ ಜಾಹೀರಾತು, ಲೈಟ್ ಆರೋದು, ಸಿನಿಮಾ, ಇಂಟರ್ವಲ್ ಎಲ್ಲ ಸರ್ವರಿನಲ್ಲಿ ಪ್ಲೇಲಿಸ್ಟ್ ಮಾಡಿಟ್ಟಿರ್ತಾರೆ. ಎಷ್ಟೋ ಸಲ ಕಿಂಡಿಯ ಹಿಂದೆ ಯಾರೂ ಇರಲ್ಲ. ನೀವು ಶಿಳ್ಳೆ ಹೊಡೆದರೂ ಕೇಳೋದು ಪ್ರೊಜೆಕ್ಟರಿಗೆ ಮಾತ್ರ. ಮನೆಗೆ ಬಂದ ಮೇಲೆ ಆ್ಯಪ್ ಸ್ಟಾರ್ ಕೇಳುತ್ತೆ, ಅದೂ ಸಿನಿಮಾಗೆ. ದೀಪ ಮಂಕಾಗಿದ್ದರೆ ಸ್ಟಾರ್ ಕಳ್ಕೊಳ್ಳೋನು ಕ್ಯಾಮೆರಾಮನ್.

ಪವನ್ ಕುಮಾರ್ ಅವರ 'ಲೂಸಿಯಾ' ನೆನಪಾಗುತ್ತೆ. 2013ರಲ್ಲಿ ನೂರಕ್ಕೂ ಹೆಚ್ಚು ಜನ ಸೇರಿ ದುಡ್ಡು ಹಾಕಿದ ಸಿನಿಮಾ. ಅದರಲ್ಲಿ ನಿಕ್ಕಿ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸೋ ಹುಡುಗ. ಅವನ ಬದುಕು ಬಣ್ಣದಲ್ಲಿ, ಸೂಪರ್ ಸ್ಟಾರ್ ಬದುಕು ಕಪ್ಪು-ಬಿಳುಪಿನಲ್ಲಿ. ಮೊದಲ ಸಲ ನೋಡಿದಾಗ ಇದನ್ನ ಒಳ್ಳೇ ಟ್ರಿಕ್ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಥಿಯೇಟರಿನೊಳಗೆ ಕೆಲಸ ಮಾಡೋ ಮನುಷ್ಯನ ಕಡೆಗೇ ಬಣ್ಣವನ್ನೆಲ್ಲ ಕೊಟ್ಟಿದ್ದು ಸರಿಯಾಗೇ ಇದೆ.

ಸಿಂಗಲ್ ಸ್ಕ್ರೀನೇ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲೂ ಮಂಕು ದೀಪ, ಹರಿದ ಪರದೆ, ತಿಗಣೆ ಎಲ್ಲ ನೋಡಿದೀನಿ. ಹೆಂಗಸರು ಒಬ್ಬರೇ ಹೋಗೋಕೆ ಹಿಂಜರಿಯೋ ಎಷ್ಟೋ ಹಾಲ್‌ಗಳಿದ್ದವು, ಮಲ್ಟಿಪ್ಲೆಕ್ಸ್ ಅದನ್ನ ಬದಲಾಯಿಸ್ತು. ಅದೂ ಅಲ್ಲದೆ ಬೆಂಗಳೂರಿನಲ್ಲಿ ಉಳಿದಿರೋದಾದರೂ ಏನು? ಕಪಾಲಿ ಇಲ್ಲ, ಪ್ಲಾಜಾ ಇಲ್ಲ, ರೆಕ್ಸ್ ಇಲ್ಲ, ಕಾವೇರಿಯೂ ಹೋಯ್ತು. ಇನ್ಮುಂದೆ ನಾವು ನೋಡೋದು ಮಾಲಿನಲ್ಲೇ. ಹಾಗಾಗಿ ಶಿಳ್ಳೆಯ ಕೆಲಸವನ್ನೂ ಅಲ್ಲೇ ಮಾಡಬೇಕು, ಸ್ವಲ್ಪ ಬೇರೆ ಥರ.

ಮೊದಲ ಐದು ನಿಮಿಷದಲ್ಲಿ ನೋಡ್ಕೊಳ್ಳಿ. ಬಿಳಿ ಬಟ್ಟೆ ಬಿಳಿಯಾಗಿದೆಯಾ? ಮೆಲ್ಲಗೆ ಆಡಿದ ಮಾತು ಕೇಳುತ್ತಾ? ಇಲ್ಲ ಅಂದ್ರೆ ಎದ್ದು ಹೋಗಿ, ಪಾಪ್‌ಕಾರ್ನ್ ಹುಡುಗನಿಗಲ್ಲ, ಡ್ಯೂಟಿ ಮ್ಯಾನೇಜರಿಗೇ ಹೇಳಿ. 'ಏನೋ ಸರಿಯಿಲ್ಲ' ಅನ್ನಬೇಡಿ. 'ಪ್ರೊಜೆಕ್ಷನ್ ಡಿಮ್ ಇದೆ, 3ಡಿ ಫಿಲ್ಟರ್ ತೆಗೆದಿದೀರಾ ನೋಡಿ' ಅನ್ನಿ. ಬಗ್ ರಿಪೋರ್ಟ್ ಸರಿಯಾಗಿದ್ದರೆ ರಿಪೇರಿ ಬೇಗ ಆಗುತ್ತೆ, ಇದು ನನ್ನ ಹನ್ನೊಂದು ವರ್ಷದ ಅನುಭವ.

ಹೋದ ತಿಂಗಳು ನಾನು ಹಾಗೇ ಮಾಡಿದೆ. ಮ್ಯಾನೇಜರ್ ಒಳ್ಳೇ ಹುಡುಗ, ಟೈ ಕಟ್ಟಿದ್ದ. ವಿನಯವಾಗಿ, "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್" ಅಂದ.

"ಒಳಗಡೆ ವಯಸ್ಸಾದವರು ಇದಾರೆ" ಅಂದೆ. "ಅವರೆಲ್ಲ ತಮ್ಮ ಕಣ್ಣೇ ಹೋಯ್ತು ಅಂದ್ಕೊಂಡು ಕೂತಿದಾರೆ. ಹೋಗಿ ನೋಡಿ."

ನಾನು ಸೀಟಿಗೆ ವಾಪಸ್ ಬಂದು ಕೂತ ಸ್ವಲ್ಪ ಹೊತ್ತಿಗೆ ಪರದೆ ಒಮ್ಮೆ ಮಿಣುಕಿ ಬೆಳಗಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸ್ತಾ ಇದ್ದೋರು, ಅದನ್ನ ಹಾಕ್ಕೊಂಡು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸ್ತು: "ಈಗ ಸರಿಹೋಯ್ತು ನೋಡು, ಧೂಳು ಕೂತಿತ್ತು."